ಕಣ್ಣು ಕಡೆಗೆ ಬರಲಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಚಿತ್ರಕಲೆ ಕಲಿಸುವ ಗುರುಬಳಗಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಗುರುಗಳೇ, ಗುರುಮಾತೆಯರೇ,



ಕಿತ್ತೂರಿನ ಗೆಲುವಿನ ದಿನವಾದ ಅಕ್ಟೋಬರ್ 23 ಹತ್ತಿರ ಬಂತೆಂದರೆ ನಮ್ಮ ನಾಲ್ಕೂ ತಾಲ್ಲೂಕುಗಳ ಶಾಲೆಗಳಲ್ಲಿ ರಾಣಿ ಚನ್ನಮ್ಮ ನೂರಾರು ಹಾಳೆಗಳ ಮೇಲೆ ಎದ್ದು ನಿಲ್ಲುತ್ತಾಳೆ. ಕುದುರೆ ಇರುತ್ತದೆ, ಎತ್ತಿದ ಕತ್ತಿ ಇರುತ್ತದೆ, ಹಣೆಯ ಮೇಲೆ ವಿಭೂತಿ ಇರುತ್ತದೆ. ಆ ದಿನಕ್ಕೆಂದು ನಡೆಯುವ ಚಿತ್ರಸ್ಪರ್ಧೆಗಳಲ್ಲಿ ತೀರ್ಪು ಕೊಡಲು ಕೂತವರಿಗೆಲ್ಲ ಒಂದು ಸಂಗತಿ ಗೊತ್ತು. ಹಾಳೆಯ ಮೂಲೆಯಲ್ಲಿರುವ ಹೆಸರನ್ನು ಕೈಯಿಂದ ಮುಚ್ಚಿದರೆ ಯಾವ ಚಿತ್ರ ಯಾವ ಮಗುವಿನದೆಂದು ಹೇಳಲಾಗದು. ಎಲ್ಲವೂ ಒಂದೇ ಮೂಲದ ನಕಲು, ಕೆಲವು ನಕಲಿನ ನಕಲು. ಹತ್ತಿರ ಹಿಡಿದು ನೋಡಿದರೆ ರಬ್ಬರಿನಿಂದ ಒರೆಸಿದ ಚೌಕಗಳ ಗೆರೆ ಇನ್ನೂ ಕಾಣುತ್ತಿರುತ್ತದೆ. ಈ ಪತ್ರ ಬರೆಯುತ್ತಿರುವುದು ಆ ಚೌಕಗಳ ಬಗ್ಗೆ, ಅವುಗಳ ಜಾಗದಲ್ಲಿ ನಾವು ಏನು ಕಲಿಸಬಹುದು ಎಂಬುದರ ಬಗ್ಗೆ.

ನಿಮ್ಮನ್ನು ದೂರಲು ಬರೆಯುತ್ತಿಲ್ಲ. ಅನೇಕ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆಯೇ ಇಲ್ಲ. ಇರುವಲ್ಲಿ ವಾರಕ್ಕೆ ಸಿಗುವ ಪಿರಿಯಡ್ಡುಗಳು ಪರೀಕ್ಷೆ ಬಂದಾಗ ಗಣಿತಕ್ಕೆ ಹೋಗುತ್ತವೆ. ನಾಮಫಲಕ ಬರೆಯುವುದು, ವೇದಿಕೆಯ ಹಿಂದಿನ ಪರದೆಯ ಅಕ್ಷರ, ಗ್ಯಾದರಿಂಗಿನ ರಂಗೋಲಿ, ಎಲ್ಲ ಡ್ರಾಯಿಂಗ್ ಮಾಸ್ತರರ ಹೆಗಲಿಗೇ. ಇದರ ನಡುವೆ ಸ್ಪರ್ಧೆಗೆ ಚಿತ್ರ ಕಳಿಸಿರೆಂದು ಸುತ್ತೋಲೆ ಬಂದರೆ ಚೌಕ ಹಾಕಿಸಿ ನಕಲು ಮಾಡಿಸುವುದೇ ಹತ್ತಿರದ ದಾರಿ ಅನಿಸುವುದು ಸಹಜ.

ಚೌಕ ಹಾಕುವುದು ತಪ್ಪು ವಿದ್ಯೆಯೂ ಅಲ್ಲ. ಚಿಕ್ಕ ಚಿತ್ರವನ್ನು ಗೋಡೆಯಷ್ಟು ಹಿಗ್ಗಿಸಬೇಕಾದಾಗ ಅದು ಬೇಕೇ ಬೇಕು. ರಾಮದುರ್ಗ, ಸುರೇಬಾನದ ನೇಕಾರರ ಓಣಿಯಲ್ಲಿ ಬೆಳೆದ ಮಗುವಿಗೆ ಸೀರೆಯ ಸೆರಗಿನ ನಕ್ಷೆ ಚೌಕದ ಹಾಳೆಯ ಮೇಲೆ ಹುಟ್ಟುತ್ತದೆಂದು ಗೊತ್ತಿರುತ್ತದೆ. ಅಲ್ಲಿ ಚೌಕಕ್ಕೂ ಎಳೆಗೂ ಲೆಕ್ಕ ಕೂಡುತ್ತದೆ. ಮುಖಕ್ಕೆ ಚೌಕ ಹಾಕಿದಾಗ ಆಗುವುದೇ ಬೇರೆ. ಮಗು ಮುಖವನ್ನು ನೋಡುವುದನ್ನು ಬಿಟ್ಟು ಮೂರನೆಯ ಸಾಲಿನ ಐದನೆಯ ಚೌಕದಲ್ಲಿ ಗೆರೆ ಎಲ್ಲಿ ಹೊಕ್ಕು ಎಲ್ಲಿ ಹೊರಬಿತ್ತೆಂದು ನೋಡುತ್ತದೆ. ಚಿತ್ರ ಮುಗಿಯುತ್ತದೆ, ಕಲಿಕೆ ಇನ್ನೂ ಶುರುವಾಗಿರುವುದಿಲ್ಲ. ಅದೇ ಮಗುವಿಗೆ ಪಡಸಾಲೆಯಲ್ಲಿ ಕೂತ ಅಜ್ಜನನ್ನು ಬರೆ ಅನ್ನಿ. ಅಜ್ಜನ ಮುಖದ ಮೇಲೆ ಚೌಕಗಳಿಲ್ಲ. ಅರ್ಧ ತಾಸಿನ ಮೇಲೆ ಮಗು ಹಾಳೆ ತಂದು ತೋರಿಸುತ್ತದೆ: “ಸರ್, ಕಣ್ಣು ಛಲೋ ಬಂದೈತಿ, ಆದರ ಅಜ್ಜನ್ಹಂಗ ಕಾಣಂಗಿಲ್ರಿ.”

ಚನ್ನಮ್ಮನ ವಿಷಯದಲ್ಲಿ ಈ ತೊಡಕು ಇನ್ನೂ ದೊಡ್ಡದು. ಆಕೆ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದಾಗಲೇ ತೀರಿಕೊಂಡದ್ದು 1829ರ ಫೆಬ್ರುವರಿಯಲ್ಲಿ. ಆಕೆಯ ಪರವಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ದಾಗೇರ್ ಎಂಬಾತನ ಫೋಟೊ ತೆಗೆಯುವ ವಿಧಾನ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ತಿಳಿದದ್ದು 1839ರಲ್ಲಿ. ಹೀಗಾಗಿ ಇವರಿಬ್ಬರ ಫೋಟೊ ಇರಲು ಸಾಧ್ಯವೇ ಇಲ್ಲ. ನಾವು ನೋಡುತ್ತ ಬಂದದ್ದು ಕ್ಯಾಲೆಂಡರಿನ ಚನ್ನಮ್ಮನನ್ನು, 1961ರಲ್ಲಿ ಬಿ.ಆರ್. ಪಂತುಲು ಮಾಡಿದ ಸಿನಿಮಾದಲ್ಲಿ ಬಿ. ಸರೋಜಾದೇವಿಯವರ ರೂಪದ ಚನ್ನಮ್ಮನನ್ನು, 1977ರ ಅಂಚೆಚೀಟಿಯ ಚನ್ನಮ್ಮನನ್ನು, ಊರೂರಿನ ಸರ್ಕಲ್ಲುಗಳ ಪ್ರತಿಮೆಯನ್ನು. 2007ರ ಸೆಪ್ಟೆಂಬರ್ 11ರಂದು ಸಂಸತ್ ಭವನದ ಆವರಣದಲ್ಲಿ ಅನಾವರಣವಾದ ಪ್ರತಿಮೆಯೂ ಅದೇ ಸಾಲಿನದು. ಪ್ರತಿಯೊಂದೂ ಒಬ್ಬ ಕಲಾವಿದ ತನ್ನ ತಿಳಿವಳಿಕೆಯಿಂದ ಕಟ್ಟಿದ ಮುಖ. ಆ ಅಧಿಕಾರ ನಮ್ಮ ಮಕ್ಕಳಿಗೂ ಇದೆ. ಆದರೆ ಮುಖ ಕಟ್ಟುವುದು ಬರಬೇಕಲ್ಲ?

ಇನ್ನೊಂದು ಲೆಕ್ಕ ನೋಡಿ. ಚನ್ನಮ್ಮ 1778ರಲ್ಲಿ ಕಾಕತಿಯಲ್ಲಿ ಹುಟ್ಟಿದಳು. ಕಂಪನಿ ಸರ್ಕಾರದ ಅಧಿಕಾರಿ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಬಿದ್ದದ್ದು 1824ರ ಅಕ್ಟೋಬರ್ 23ರಂದು. ಆಗ ಆಕೆಗೆ 46 ವರ್ಷ. ಗಂಡ ಮಲ್ಲಸರ್ಜ ತೀರಿ ಎಂಟು ವರ್ಷವಾಗಿತ್ತು. ನಮ್ಮ ಚಿತ್ರಗಳ ಚನ್ನಮ್ಮನಿಗೆ ಇಪ್ಪತ್ತೈದು ದಾಟಿರುವುದಿಲ್ಲ. ಸಂಸ್ಥಾನದ ಭಾರ ಹೊತ್ತು ಕಂಪನಿ ಸರ್ಕಾರದ ಎದುರು ನಿಂತ 46ರ ಹೆಂಗಸಿನ ದವಡೆ ಹೇಗಿದ್ದೀತು, ಕಣ್ಣಿನ ಕೆಳಗಿನ ತಗ್ಗು ಎಷ್ಟಿದ್ದೀತು, ಕೆನ್ನೆಯ ಎಲುಬಿನ ಮೇಲೆ ಬಿಸಿಲು ಹೇಗೆ ಬಿದ್ದೀತು? ಇದಕ್ಕೆ ಉತ್ತರ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಅದೇ ವಯಸ್ಸಿನ ನಮ್ಮೂರ ಹೆಂಗಸರ ಮುಖಗಳಲ್ಲಿ ಇದೆ. ಆ ಮುಖ ನೋಡಿ ಬರೆಯಬಲ್ಲ ಮಗು ಮಾತ್ರ ತನ್ನದೇ ಚನ್ನಮ್ಮನನ್ನು ಬರೆಯಬಲ್ಲದು.

ಅದನ್ನು ಕಲಿಸಲು ಬೇಕಾದ ಅರ್ಧ ವಿದ್ಯೆಯನ್ನು ನೀವು ಈಗಾಗಲೇ ಕಲಿಸುತ್ತಿದ್ದೀರಿ. ಲೋವರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂಡುವ ಮಕ್ಕಳಿಗೆ ವಸ್ತುಚಿತ್ರ ಹೇಳಿಕೊಡುತ್ತೀರಿ. ತಂಬಿಗೆ, ಕೊಡ, ಚೆಂಡು, ಡಬ್ಬಿ ಇಟ್ಟು ಬೆಳಕು ಯಾವ ಕಡೆಯಿಂದ ಬರುತ್ತದೆ, ಕತ್ತಲು ಎಲ್ಲಿ ಶುರುವಾಗುತ್ತದೆ, ನೆಲದ ಮೇಲೆ ನೆರಳು ಎತ್ತ ಬೀಳುತ್ತದೆ ಎಂದು ತೋರಿಸುತ್ತೀರಿ. ಮಕ್ಕಳು ಕೊಡದ ಹೊಟ್ಟೆಯನ್ನು ಎಷ್ಟು ಚೆಂದ ದುಂಡಗೆ ಮಾಡುತ್ತಾರೆ! ಅದೇ ಕೈಗೆ ಮುಖ ಬರೆಯಲು ಹೇಳಿದ ಕೂಡಲೇ ಆ ವಿದ್ಯೆಯೆಲ್ಲ ಮರೆತುಹೋಗುತ್ತದೆ. ಒಂದು ಮೊಟ್ಟೆಯಾಕಾರದ ಗೆರೆ ಎಳೆದು ಒಳಗೆ ಕಣ್ಣು, ಮೂಗು, ಬಾಯಿ ತುಂಬುತ್ತಾರೆ. ತಲೆಯೂ ಒಂದು ಘನವಸ್ತು, ಅದಕ್ಕೂ ಬೆಳಕಿನ ಕಡೆ ಮತ್ತು ಕತ್ತಲಿನ ಕಡೆ ಇವೆ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಹೇಳಬೇಕಾದದ್ದು ಬಹಳವಿಲ್ಲ. ತಲೆಬುರುಡೆ ಒಂದು ಚೆಂಡು, ಎರಡೂ ಪಕ್ಕ ತುಸು ಚಪ್ಪಟೆ. ಅದರ ಮುಂದಕ್ಕೆ ಕೆಳಗೆ ದವಡೆಯ ತುಂಡು. ಕುತ್ತಿಗೆ ಒಂದು ಕೊಳವೆ, ನೆಟ್ಟಗೆ ನಿಲ್ಲದೆ ಮುಂದಕ್ಕೆ ಬಾಗಿದ್ದು. ಮೂಗು ನಾಲ್ಕು ಮುಖಗಳ ಒಂದು ದಿಮ್ಮಿ: ಮೇಲೊಂದು, ಪಕ್ಕಕ್ಕೆರಡು, ಕೆಳಗೊಂದು. ಕಣ್ಣು ಗುಳಿಯಲ್ಲಿ ಕೂತ ಗುಂಡು. ತುಟಿಗಳು ಹಲ್ಲುಗಳ ದುಂಡನೆಯ ಗೋಡೆಯ ಮೇಲೆ ಸುತ್ತಿಕೊಂಡಿವೆ. ರಾಯಣ್ಣನ ಮೀಸೆಯೂ ಆ ದುಂಡಗಿನ ಮೇಲೆಯೇ ಹೊರಳಬೇಕು, ಚಪ್ಪಟೆ ಅಂಟಿಸಿದರೆ ನಾಟಕದ ಮೀಸೆಯಾಗುತ್ತದೆ. ಅಮೆರಿಕದ ಆಂಡ್ರೂ ಲೂಮಿಸ್ 1956ರ ತನ್ನ ಪುಸ್ತಕದಲ್ಲಿ ಚೆಂಡು ಮತ್ತು ದವಡೆಯ ಈ ಕ್ರಮವನ್ನು ಬಿಡಿಸಿ ತೋರಿಸಿದ. 1976ರಲ್ಲಿ ಜಾನ್ ಅಸಾರೊ ಮುಖವನ್ನು ಬರೀ ಸಮತಟ್ಟು ತುಂಡುಗಳಾಗಿ ಕಡಿದ ಒಂದು ಮಾದರಿ ತಲೆ ಮಾಡಿದ. ಇಂದಿಗೂ ಜಗತ್ತಿನ ಕಲಾಶಾಲೆಗಳಲ್ಲಿ ಅದನ್ನು ಇಟ್ಟು ಕಲಿಸುತ್ತಾರೆ.

ಅಳತೆಗೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಶಿಲ್ಪಿಗಳ ತಾಲಮಾನದಲ್ಲಿ ಮುಖ ಒಂದು ತಾಲ, ಅಂದರೆ 12 ಅಂಗುಲ. ಹಣೆಗೆ 4, ಮೂಗಿಗೆ 4, ಮೂಗಿನ ಬುಡದಿಂದ ಗದ್ದದವರೆಗೆ 4. ಇದರ ಜೊತೆಗೆ ಮಕ್ಕಳಿಗೆ ಇನ್ನೊಂದೇ ಅಳತೆ ಸಾಕು: ನೆತ್ತಿಯಿಂದ ಗದ್ದದವರೆಗಿನ ಉದ್ದದಲ್ಲಿ ಕಣ್ಣು ಬರುವುದು ಸರಿಸುಮಾರು ಅರ್ಧದಲ್ಲಿ. ಎಲ್ಲ ಮಕ್ಕಳೂ ಕಣ್ಣನ್ನು ಹಣೆಗೆ ಏರಿಸುತ್ತಾರೆ, ನೆತ್ತಿಯನ್ನು ಕತ್ತರಿಸುತ್ತಾರೆ. ರುಮಾಲು ಸುತ್ತಿದ ರೈತನನ್ನೋ ತಲೆತುಂಬ ಸೆರಗು ಹೊದ್ದ ಅಜ್ಜಿಯನ್ನೋ ಬರೆಯುವಾಗ ಈ ತಪ್ಪು ಇಮ್ಮಡಿಯಾಗುತ್ತದೆ, ಯಾಕೆಂದರೆ ಬುರುಡೆ ಕಾಣುವುದೇ ಇಲ್ಲ. ಮೊದಲು ಬರಿದಾದ ತಲೆ ಬರೆಸಿ, ಆಮೇಲೆ ಅದಕ್ಕೆ ರುಮಾಲು ಸುತ್ತಿಸಿ. ಅಳತೆ ಇರುವುದು ಹೊರಡುವ ಜಾಗಕ್ಕಾಗಿ. ಈ ಅಜ್ಜನ ಹಣೆ ನಾಲ್ಕಂಗುಲಕ್ಕಿಂತ ಎಷ್ಟು ಹೆಚ್ಚು, ಮೂಗು ಎಷ್ಟು ಕಡಿಮೆ, ದವಡೆ ಎಷ್ಟು ಅಗಲ ಎಂದು ಹೋಲಿಸಿದಾಗ ಸಿಗುವ ಹೆಚ್ಚುಕಡಿಮೆಯಲ್ಲೇ ಅಜ್ಜ ಇದ್ದಾನೆ.

ಇನ್ನು ಬೆಳಕಿನ ಮಾತು. ಗೆರೆಗಿಂತ ಮೊದಲು ಟೋನ್, ಅಂದರೆ ತಿಳಿ-ಗಾಢದ ಮಟ್ಟ, ಕಲಿಸಬೇಕು ಎಂಬುದೇ ಈ ಪತ್ರದ ಮುಖ್ಯ ಬೇಡಿಕೆ, ಆದ್ದರಿಂದ ತುಸು ಬಿಡಿಸಿ ಹೇಳುತ್ತೇನೆ.

ಒಬ್ಬರನ್ನು ಬೆಳಕು ಮೇಲಿನಿಂದ ಬೀಳುವ ಕಡೆ ಕೂರಿಸಿ. ನಮ್ಮ ಹಳ್ಳಿಗಳ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯ ಕೆಳಗೆ ಕೂತರೆ ದೊಡ್ಡ ಕಲಾವಿದರು ಸ್ಟುಡಿಯೋಗಳಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಬೆಳಕು ಪುಕ್ಕಟೆ ಸಿಗುತ್ತದೆ. ಶಾಲೆಯಲ್ಲಾದರೆ ಒಂದೇ ಕಿಟಕಿ ತೆರೆದಿಟ್ಟು ಉಳಿದವನ್ನು ಮುಚ್ಚಿ. ಮಕ್ಕಳಿಗೆ ಕಣ್ಣು ಕಿರಿದು ಮಾಡಿ, ರೆಪ್ಪೆಗಳ ಸಂದಿನಿಂದ ನೋಡಲು ಹೇಳಿ. ಹುಬ್ಬಿನ ಕೂದಲು, ಕಣ್ಣಿನ ಅಂಚು, ಮುಖದ ಸುಕ್ಕು ಮಾಯವಾಗಿ ಐದು ಕಪ್ಪು ತೇಪೆ ಉಳಿಯುತ್ತವೆ: ಕಣ್ಣಿನ ಗುಳಿಗಳು, ಮೂಗಿನ ಕೆಳಭಾಗ, ಮೇಲಿನ ತುಟಿ, ಕೆಳತುಟಿಯ ಕೆಳಗಿನ ತಗ್ಗು, ಗದ್ದದ ಅಡಿ. ಈ ಐದು ನೆರಳುಗಳ ಆಕಾರ ಮತ್ತು ಅವುಗಳ ನಡುವಿನ ಅಂತರ ಸರಿಯಾಗಿ ಬಂದರೆ ಒಂದು ಕಣ್ಣುಗುಡ್ಡೆಯನ್ನೂ ಬರೆಯದೆ ಮುಖ ಎದ್ದು ಬರುತ್ತದೆ. ಯಾರ ಮುಖವೆಂದೂ ಗೊತ್ತಾಗುತ್ತದೆ.

ಇದು ಚಿತ್ರಕಾರರ ನಂಬಿಕೆ ಮಾತ್ರವಲ್ಲ. ಕೆನಡಾದ ಮನೋವಿಜ್ಞಾನಿ ಕ್ರೇಗ್ ಮೂನಿ 1957ರಲ್ಲಿ ಬರೀ ಕಪ್ಪು-ಬಿಳುಪು ತೇಪೆಗಳಷ್ಟೇ ಉಳಿಸಿದ ಮುಖಗಳನ್ನು ಮಕ್ಕಳಿಗೂ ದೊಡ್ಡವರಿಗೂ ತೋರಿಸಿ, ಮುಖ ಕಾಣುವುದಕ್ಕೆ ಅಷ್ಟೇ ಸಾಕಾಗುತ್ತದೆಂದು ತೋರಿಸಿದ. 1973ರಲ್ಲಿ ಬೆಲ್ ಪ್ರಯೋಗಾಲಯದ ಲಿಯಾನ್ ಹಾರ್ಮನ್ ಅಬ್ರಹಾಂ ಲಿಂಕನ್ನನ ಮುಖವನ್ನು ಕೆಲವೇ ನೂರು ಬೂದು ಚೌಕಗಳಾಗಿ ಒಡೆದ. ಹತ್ತಿರದಿಂದ ಅದು ಬರೀ ಇಟ್ಟಿಗೆಗಳ ಸಾಲು, ದೂರ ನಿಂತರೆ ಲಿಂಕನ್. ಇಲ್ಲಿಯೂ ಚೌಕಗಳೇ ಇವೆ, ಆದರೆ ಚೌಕದೊಳಗೆ ಗೆರೆಯಿಲ್ಲ, ಟೋನ್ ಇದೆ. ಸಂತೆಯಲ್ಲಿ ದೂರದಿಂದ ಬರುವ ಪರಿಚಯದವರನ್ನು ಕಣ್ಣು ಮೂಗು ಕಾಣುವ ಮೊದಲೇ ನಾವು ಗುರುತು ಹಿಡಿಯುವುದೂ ಹೀಗೆಯೇ.

ಆದ್ದರಿಂದ ಮೊದಲ ಪಾಠ ಪಾಟಿಯ ಮೇಲೆ ಆಗಲಿ ಎಂದು ನನ್ನ ಸಲಹೆ. ಬಿಳಿ ಹಾಳೆಯ ಮೇಲೆ ಮಗು ಕತ್ತಲನ್ನು ಬರೆಯುತ್ತದೆ; ಕರಿ ಪಾಟಿಯ ಮೇಲೆ ಬೆಳಕನ್ನು ಬರೆಯಬೇಕಾಗುತ್ತದೆ. ಪಾಟಿಯ ಕಪ್ಪು ಒಂದು ಟೋನ್. ಖಡುವನ್ನು ಅಡ್ಡ ಹಿಡಿದು ತೇಯ್ದು ಹೆಬ್ಬೆರಳಿನಿಂದ ಒರೆಸಿದರೆ ಬೂದು, ಅದು ಎರಡನೆಯದು. ಒತ್ತಿ ತುಂಬಿದ ಬಿಳುಪು ಮೂರನೆಯದು. ಚೂಪು ಮಾಡಲು ಬಾರದ ಖಡುವಿನಿಂದ ರೆಪ್ಪೆಯ ಕೂದಲು ಎಳೆಯಲಾಗದು, ಅದೇ ಅದರ ಗುಣ. ಮಗು ಅನಿವಾರ್ಯವಾಗಿ ದೊಡ್ಡ ಆಕಾರ ಹುಡುಕುತ್ತದೆ. ತಪ್ಪಾದರೆ ಒದ್ದೆ ಬಟ್ಟೆಯಿಂದ ಒರೆಸಿದರಾಯಿತು, ಹಾಳೆ ಕೆಟ್ಟಿತೆಂಬ ಅಂಜಿಕೆ ಇಲ್ಲ.

ಎರಡನೆಯ ಪಾಠ ಪುಸ್ತಕಕ್ಕೆ ಹೊದಿಕೆ ಹಾಕುವ ಖಾಕಿ ಹಾಳೆಯ ಮೇಲೆ. ಇಲ್ಲಿ ನಡುವಿನ ಟೋನ್ ಹಾಳೆಯೇ ಕೊಡುತ್ತದೆ. ಇದ್ದಿಲಿನಿಂದ ನೆರಳಿನ ಭಾಗ, ಖಡುವಿನಿಂದ ಬೆಳಕು ನೇರ ಬಿದ್ದ ಭಾಗ, ಉಳಿದದ್ದನ್ನು ಮುಟ್ಟಕೂಡದು. ಬಿಳಿ ಹಾಳೆ ಮತ್ತು ಪೆನ್ಸಿಲ್ ಮೂರನೆಯ ಪಾಠಕ್ಕೆ ಬರಲಿ. ಆಗ ಮೂರು ಟೋನ್ ಐದಾಗಲಿ: ಬೆಳಕಿನ ಭಾಗಕ್ಕೆ ಮೂರು, ನೆರಳಿಗೆ ಎರಡು. ಒಂದೇ ನಿಯಮ ನೆನಪಿಡಿಸಿ. ಬೆಳಕಿನ ಭಾಗದಲ್ಲಿರುವ ಅತಿ ಕಪ್ಪೂ ನೆರಳಿನ ಭಾಗದ ಅತಿ ತಿಳಿಗಿಂತ ತಿಳಿಯಾಗಿರಲಿ. ಒಂದೇ ದೀಪದ ಬೆಳಕಿನಲ್ಲಿ ಕೂತ ಮುಖಕ್ಕೆ ಈ ನಿಯಮ ಬಹುಪಾಲು ಸಾಕಾಗುತ್ತದೆ. ನೆರಳಿನೊಳಗೆ ಕಾಣುವ ಸಣ್ಣ ಮಿಂಚಿಗೆ ಮರುಳಾಗಿ ಅದನ್ನು ಬೆಳಗಿಸಿದರೆ ದುಂಡಗಿದ್ದದ್ದು ಚಪ್ಪಟೆಯಾಗುತ್ತದೆ.

ಶೇಡಿಂಗ್ ಹಾಕುವ ಬಗೆಯೂ ನಮಗೆ ಹೊಸದಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಮೂರು ಬಗೆಯ ವರ್ತನೆಗಳನ್ನು ಹೆಸರಿಸುತ್ತದೆ: ಎಲೆಯ ನರಗಳ ರೀತಿ ಗೆರೆ ಹಾಕುವ ಪತ್ರ, ಬಲು ಸಣ್ಣ ಗೆರೆಗಳಿಂದ ತುಂಬುವ ಐರಿಕ, ಚುಕ್ಕೆಗಳಿಂದ ಕಟ್ಟುವ ಬಿಂದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸ, ಕನ್ನಡಿಯಲ್ಲಿ ಕಂಡಷ್ಟು ಹೋಲಿಕೆಯುಳ್ಳ ಚಿತ್ರಕ್ಕೆ ವಿದ್ಧವೆಂಬ ಪ್ರತ್ಯೇಕ ವರ್ಗವನ್ನೇ ಮಾಡುತ್ತದೆ. ಸವದತ್ತಿ ಆಗ ಸುಗಂಧವರ್ತಿ. ಅಲ್ಲಿಂದ ಆಳುತ್ತಿದ್ದ ರಟ್ಟರು ಆ ಚಾಲುಕ್ಯರ ಸಾಮಂತರು. ಹೋಲುವಂತೆ ಬರೆಯುವುದು ಪರದೇಶದ ವಿದ್ಯೆ, ನಮ್ಮದು ಬರೀ ಗೆರೆಯ ಕಲೆ ಎಂದು ಯಾರಾದರೂ ಅಂದರೆ ಇದನ್ನು ನೆನಪಿಸಬಹುದು.

ಕಲಾಶಾಲೆಗಳಲ್ಲಿ ಪ್ಲಾಸ್ಟರಿನ ತಲೆ ಇಟ್ಟು ಕಲಿಸುವುದು ಯಾಕೆಂದರೆ ಅದಕ್ಕೆ ಒಂದೇ ಬಣ್ಣ, ನೆರಳು-ಬೆಳಕು ಬಿಟ್ಟು ಬೇರೇನೂ ಕಾಣುವುದಿಲ್ಲ. ನಮ್ಮಲ್ಲಿ ಪ್ಲಾಸ್ಟರ್ ಇಲ್ಲ, ಕಲ್ಲು ಇದೆ. ಕಿತ್ತೂರಿನ ಪಕ್ಕದ ದೇಗಾಂವದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ, ತಿಪ್ಪೋಜನೆಂಬ ಶಿಲ್ಪಿ ಕಟ್ಟಿದ ಕಮಲನಾರಾಯಣ ಗುಡಿ ಇದೆ. ಕಿತ್ತೂರಿನ ಕೋಟೆ ನೋಡಲು ಪ್ರತಿ ವರ್ಷ ಬಸ್ಸು ತುಂಬಿ ಮಕ್ಕಳನ್ನು ಕರೆತರುತ್ತೀರಿ. ಅಷ್ಟೇ ದಾರಿಯಲ್ಲಿ ದೇಗಾಂವಕ್ಕೂ ಹೋಗಿ, ಒಂದು ಶಿಲ್ಪದ ಮುಖವನ್ನು ಮುಂಜಾನೆ ಒಮ್ಮೆ, ಹೊತ್ತು ನೆತ್ತಿಗೇರಿದಾಗ ಇನ್ನೊಮ್ಮೆ ಬರೆಸಿ. ಮುಖ ಅದೇ, ನೆರಳು ಬೇರೆ. ಅಷ್ಟು ದೂರ ಹೋಗಲಾಗದಿದ್ದರೆ ಊರ ಅಗಸಿಯ ಹತ್ತಿರ, ಹನುಮಪ್ಪನ ಗುಡಿಯ ಮುಂದೆ ನಿಂತಿರುವ ವೀರಗಲ್ಲು ಹುಡುಕಿ. ಮಳೆಗಾಳಿಗೆ ಸವೆದು ವೀರನ ಕಣ್ಣು ಮೂಗು ಎಂದೋ ಹೋಗಿವೆ. ಆದರೂ ತಲೆ ಎತ್ತ ತಿರುಗಿದೆ, ಮೈ ಎತ್ತ ಬಾಗಿದೆ ಎಂದು ಸ್ಪಷ್ಟ ತಿಳಿಯುತ್ತದೆ. ದೊಡ್ಡ ಆಕಾರ ಸರಿಯಿದ್ದರೆ ಉಳಿದದ್ದು ಅಳಿದರೂ ನಡೆಯುತ್ತದೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠೋಪಕರಣ ನನಗೆ ಗೊತ್ತಿಲ್ಲ.

ಸವದತ್ತಿಯವರಿಗೆ ಇನ್ನೂ ಒಂದು ಸೌಲಭ್ಯವಿದೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಉಧೋ ಉಧೋ ಎನ್ನುತ್ತ ಭಂಡಾರ ಎರಚುವಾಗ ಹಣೆ, ಕೆನ್ನೆ, ಕೂದಲು, ಎಲ್ಲ ಒಂದೇ ಹಳದಿಯಾಗುತ್ತವೆ. ಕಪ್ಪು ಮೈಬಣ್ಣ, ಬಿಳಿ ಮೈಬಣ್ಣ, ನರೆತ ಹುಬ್ಬು ಎಂಬ ಭೇದ ಅಳಿದು ಮುಖದ ಕಟ್ಟು ಮಾತ್ರ ಉಳಿಯುತ್ತದೆ. ಜಾತ್ರೆಯಿಂದ ಬಂದ ಮಕ್ಕಳಿಗೆ ಅದನ್ನು ನೆನಪಿನಿಂದ ಬರೆಯಲು ಹೇಳಿ. ಸ್ಮರಣಚಿತ್ರಕ್ಕೆ ಒಳ್ಳೆಯ ವಿಷಯ.

ಮೈಬಣ್ಣದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಲೇಬೇಕು. ಮಕ್ಕಳು ಮುಖದ ಜಾಗವನ್ನು ಬಿಳಿ ಹಾಳೆಯಾಗಿಯೇ ಬಿಡುತ್ತಾರೆ. ಶೇಡಿಂಗ್ ಹಾಕೆಂದರೆ “ಸರ್, ಕರ್‍ರಗ ಕಾಣ್ತೈತ್ರಿ” ಎಂದು ಹಿಂಜರಿಯುತ್ತಾರೆ. ಜೋಳದ ಹೊಲದಲ್ಲಿ, ಹತ್ತಿ ಬಿಡಿಸುವಲ್ಲಿ ದಿನವೆಲ್ಲ ಬಿಸಿಲಿಗೆ ನಿಲ್ಲುವ ತಂದೆತಾಯಿಗಳ ಮಕ್ಕಳು ಇವರು. ಸುಂದರ ಎಂದರೆ ಬೆಳ್ಳಗಿರಬೇಕೆಂಬುದನ್ನು ಜಾಹೀರಾತು, ಸಿನಿಮಾ ಕಲಿಸಿವೆ; ನಮ್ಮ ಚನ್ನಮ್ಮನ ಚಿತ್ರಗಳೂ ಕಲಿಸಿವೆ. ಟೋನ್ ನೋಡಲು ಕಲಿತ ಕಣ್ಣಿಗೆ ಈ ಭ್ರಮೆ ನಿಲ್ಲುವುದಿಲ್ಲ. ಕಂದು ಮೈಯ ಮೇಲೆ ಹಣೆಯ, ಕೆನ್ನೆಯೆಲುಬಿನ, ಮೂಗಿನ ತುದಿಯ ಹೊಳಪು ಎಷ್ಟು ಚುರುಕಾಗಿ ಎದ್ದು ಕಾಣುತ್ತದೆಂದು ಖಾಕಿ ಹಾಳೆಯ ಮೇಲೆ ಒಮ್ಮೆ ಬರೆದು ನೋಡಿದ ಮಗು ತನ್ನ ತಾಯಿಯ ಮುಖವನ್ನು ಬಿಳಿ ಮಾಡಲು ಹೋಗುವುದಿಲ್ಲ.

ಫೋಟೊ ನೋಡಿ ಬರೆಯುವುದನ್ನು ಪೂರ್ತಿ ನಿಲ್ಲಿಸಲಾಗದೆಂದು ಬಲ್ಲೆ. ತೀರಿ ಹೋದ ಹಿರಿಯರ ಚಿತ್ರ ಬರೆದುಕೊಡಿರೆಂದು ಜನ ಬರುತ್ತಾರೆ, ಕೈಯಲ್ಲಿ ಗುರುತಿನ ಚೀಟಿಯ ಅಂಚೆಚೀಟಿಯಷ್ಟು ಫೋಟೊ. ಅದು ಯಾಕೆ ಅಷ್ಟು ಕಷ್ಟವೆಂದು ಮಕ್ಕಳಿಗೆ ತಿಳಿಸಿ. ಅಂಥ ಫೋಟೊದಲ್ಲಿ ಆಗುವಂತೆ ಬೆಳಕು ನೇರ ಎದುರಿನಿಂದ ಬಿದ್ದಾಗ ನೆರಳು ಮುಖದ ಹಿಂದಕ್ಕೆ ಹೋಗುತ್ತದೆ, ಆಕಾರ ಅಳಿಸಿಹೋಗುತ್ತದೆ, ಉಳಿಯುವುದು ಕಣ್ಣು, ಹುಬ್ಬು, ಬಾಯಿಯ ಗೆರೆಗಳಷ್ಟೇ. ಆ ಫೋಟೊದಿಂದ ಮುಖ ಎಬ್ಬಿಸಬೇಕಾದರೆ ತಲೆಯ ಕಟ್ಟು ಗೊತ್ತಿರಬೇಕು, ಇಲ್ಲದ ನೆರಳನ್ನು ಊಹಿಸಬೇಕು. ಮೊಬೈಲಿನಲ್ಲೇ ತೆಗೆಯುವುದಾದರೆ ಫ್ಲ್ಯಾಶ್ ಬೇಡ. ಬಾಗಿಲ ಪಕ್ಕ ಕೂರಿಸಿ ಒಂದು ಕಡೆಯ ಬೆಳಕಿನಲ್ಲಿ ತೆಗೆಯಲಿ, ಆಮೇಲೆ ಅದನ್ನು ಕಪ್ಪು-ಬಿಳುಪು ಮಾಡಿ ನೋಡಲಿ.

ಈ ದಾರಿಯಲ್ಲಿ ನಮಗೆ ಹಿರಿಯರಿದ್ದಾರೆ. ಬೆಳಗಾವಿಯಲ್ಲಿ ಚಿತ್ರಮಂದಿರ ಕಟ್ಟಿ ಕಲಿಸಿದ ಕೆ.ಬಿ. ಕುಲಕರ್ಣಿ ಅವರ ವ್ಯಕ್ತಿಚಿತ್ರಗಳನ್ನು ನೋಡಿ. ರವಿ ಪರಾಂಜಪೆ, ಜಾನ್ ಫರ್ನಾಂಡಿಸ್ ಅಂಥವರು ಅವರ ಗರಡಿಯಲ್ಲಿ ಪಳಗಿದವರು. ನಿಮ್ಮಲ್ಲಿ ಹಲವರು ಧಾರವಾಡದ ಹಾಲಭಾವಿ ಶಾಲೆಯ, ಗದಗಿನ ವಿಜಯ ಕಲಾ ಮಂದಿರದ ಪರಂಪರೆಯಿಂದ ಬಂದವರೇ. ಇನ್ನು ಮೈಸೂರಿನ ಜಗನ್ಮೋಹನ ಅರಮನೆಗೆ ಶೈಕ್ಷಣಿಕ ಪ್ರವಾಸ ಹೋದಾಗ ಮಕ್ಕಳೆಲ್ಲ ಬಾಯಿ ಬಿಟ್ಟು ನೋಡುವ, ದೀಪ ಹಿಡಿದ ಹೆಂಗಸಿನ ಚಿತ್ರ. ಅದನ್ನು ರವಿವರ್ಮನದೆಂದು ಬಹಳ ಜನ ತಿಳಿದಿದ್ದಾರೆ. ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್, 1940ರ ದಶಕದಲ್ಲಿ, ಮಗಳನ್ನೇ ಎದುರು ನಿಲ್ಲಿಸಿಕೊಂಡು. ಅದು ಜಲವರ್ಣ. ಒಮ್ಮೆ ಹಾಕಿದ ಗಾಢ ಬಣ್ಣವನ್ನು ಹಿಂದೆ ತೆಗೆಯುವುದು ಕಷ್ಟವಾದ್ದರಿಂದ ಎಲ್ಲಿ ಎಷ್ಟು ಕತ್ತಲೆಂಬುದು ಮೊದಲೇ ನಿಶ್ಚಯವಾಗಿರಬೇಕು. ಬೆಳಕು ಕೆಳಗಿನಿಂದ ಬರುವುದರಿಂದ ನಾನು ಮೇಲೆ ಹೇಳಿದ ಐದು ನೆರಳುಗಳ ಕ್ರಮ ತಲೆಕೆಳಗಾಗಿದೆ. ಮುಂದಿನ ಪ್ರವಾಸದಲ್ಲಿ ಮಕ್ಕಳನ್ನು ಅದರ ಮುಂದೆ ಕಣ್ಣು ಕಿರಿದು ಮಾಡಿ ನಿಲ್ಲಿಸಿ, ಎಷ್ಟು ಟೋನ್ ಕಾಣುತ್ತವೆಂದು ಕೇಳಿ.

ನಿಮ್ಮ ಆಕ್ಷೇಪಗಳು ನನಗೆ ಕೇಳಿಸುತ್ತಿವೆ. ಪಾಲಕರಿಗೆ ಮುಗಿದ ಚಿತ್ರ ಬೇಕು, ಮೂರು ಟೋನಿನ ತೇಪೆ ಕಂಡರೆ ಅರ್ಧಕ್ಕೆ ಬಿಟ್ಟಿದ್ದಾನೆ ಅನ್ನುತ್ತಾರೆ. ನಿಜ. ಗ್ರೇಡ್ ಪರೀಕ್ಷೆಯ ತಯಾರಿಗೆ ಸಮಯ ಸಾಲದು. ಅದೂ ನಿಜ, ಆದರೆ ಮುಖದ ಮೇಲೆ ಟೋನ್ ನೋಡಲು ಕಲಿತ ಮಗುವಿನ ವಸ್ತುಚಿತ್ರ ತಾನಾಗಿ ಸುಧಾರಿಸುತ್ತದೆ, ಹೊತ್ತು ಹಾಳಾಗುವುದಿಲ್ಲ. ಕಟ್ಟುನಿಟ್ಟಿನ ಆಕಾರ ಕಲಿಸಿದರೆ ಮಗುವಿನ ಸಹಜ ಚಿತ್ರ ಸಾಯುತ್ತದೆಂಬ ಮಾತಿನಲ್ಲೂ ಹುರುಳಿದೆ. ಒಂದನೆಯ ಇಯತ್ತೆಯ ಕೂಸಿಗೆ ಇದನ್ನು ಹೇರಬೇಡಿ. ಎಂಟನೆಯ ಇಯತ್ತೆಗೆ ಬಂದಾಗ ಮಕ್ಕಳೇ ಕೇಳತೊಡಗುತ್ತಾರೆ, ಹೋಲುವಂತೆ ಬರೆಯುವುದು ಹೇಗೆಂದು. ಆಗ ಉತ್ತರ ಸಿಗದ ಮಗುವೇ ಪೆನ್ಸಿಲ್ ಕೆಳಗಿಟ್ಟು ನನಗೆ ಚಿತ್ರ ಬರುವುದಿಲ್ಲವೆಂದು ಆಯುಷ್ಯವೆಲ್ಲ ಹೇಳಿಕೊಂಡು ತಿರುಗುತ್ತದೆ.

ಹಾಗಾಗಿ ನನ್ನ ಬೇಡಿಕೆಗಳು ಇವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಖ ಬರೆಯಲು ಚೌಕ ಹಾಕಿಸಬೇಡಿ. ಆ ತಿಂಗಳುಗಳಲ್ಲಿ ಪ್ರತಿ ಮಗುವೂ ಎದುರಿಗೆ ಕೂತ ಮನುಷ್ಯರ ಮುಖವನ್ನು ಪಾಟಿ, ಖಾಕಿ ಹಾಳೆ, ಬಿಳಿ ಹಾಳೆ ಎಂಬ ಕ್ರಮದಲ್ಲಿ ಬರೆಯಲಿ, ಕಣ್ಣನ್ನು ಎಲ್ಲಕ್ಕಿಂತ ಕಡೆಗೆ ಬರೆಯಲಿ. ಅಕ್ಟೋಬರಿನ ಸ್ಪರ್ಧೆಗಳಲ್ಲಿ ನೀವೇ ತೀರ್ಪುಗಾರರಾಗಿರುವ ಕಡೆ ಅರ್ಧ ಅಂಕವನ್ನು ಆಕಾರಕ್ಕೂ ನೆರಳು-ಬೆಳಕಿಗೂ ಮೀಸಲಿಡಿ, ಆಭರಣದ ನಕ್ಷೆಗೆ ಕೊಡುವುದನ್ನು ತಗ್ಗಿಸಿ. ಸಾಧ್ಯವಿದ್ದಲ್ಲಿ ನೋಡಿ ಬರೆದ ಮುಖಕ್ಕೆಂದೇ ಬೇರೆ ವಿಭಾಗ ಮಾಡಿ. ಪ್ರತಿಭಾ ಕಾರಂಜಿಗೂ ಇದೇ ಮಾತು. ನಾಲ್ಕು ತಾಲ್ಲೂಕುಗಳ ಚಿತ್ರಕಲಾ ಶಿಕ್ಷಕರು ವರ್ಷಕ್ಕೊಮ್ಮೆ ಒಂದೆಡೆ ಸೇರಿ, ಒಬ್ಬರನ್ನೊಬ್ಬರು ಕೂರಿಸಿಕೊಂಡು ಬರೆದರೆ ಇನ್ನೂ ಒಳ್ಳೆಯದು. ಕಲಿಸುವವರ ಕೈಯಲ್ಲಿ ಇದ್ದಿಲು ಹಿಡಿದ ಗುರುತು ಇರಬೇಕು.

ಚನ್ನಮ್ಮನನ್ನು ಬರೆಸಬೇಡಿ ಎನ್ನುತ್ತಿಲ್ಲ. ಆಕೆಯನ್ನು ಬರೆಯುವ ಮೊದಲು ಪ್ರತಿ ಮಗುವೂ ನಲವತ್ತಾರರ ಆಸುಪಾಸಿನ ಒಬ್ಬ ಹೆಂಗಸಿನ ಎದುರು ಕೂತು ಆಕೆಯ ಮುಖ ನೋಡಿ ಬರೆದಿರಲಿ. ಬಿಸಿಯೂಟ ಬಡಿಸುವ ತಾಯಿ ಇರಬಹುದು, ಸಂತೆಯಲ್ಲಿ ಕಾಯಿಪಲ್ಯ ಮಾರುವವಳು ಇರಬಹುದು, ಗಣಿತ ಕಲಿಸುವ ಟೀಚರ್ ಇರಬಹುದು. ಆಮೇಲೆ ಆ ಮುಖಕ್ಕೆ ಕತ್ತಿ, ಕುದುರೆ, ಕಿರೀಟ ಏನು ಬೇಕೋ ಸೇರಿಸಲಿ. ಹಾಗಾದರೆ ಮುಂದಿನ ವರ್ಷ ಹೆಸರು ಮುಚ್ಚಿ ತೀರ್ಪು ಕೊಡಲು ನಾವು ನಿಜವಾಗಿಯೂ ಕಷ್ಟಪಡಬೇಕಾಗುತ್ತದೆ: ಎಲ್ಲ ಒಂದೇ ಆಗಿರುವುದರಿಂದಲ್ಲ, ಒಂದೂ ಇನ್ನೊಂದರ ಹಾಗೆ ಇಲ್ಲದಿರುವುದರಿಂದ.

ಇಂತಿ ನಿಮ್ಮವ,
ಬೈಲಹೊಂಗಲದ ಒಬ್ಬ ಚಿತ್ರಕಾರ

ತಾ.ಕ.: ಇದ್ದಿಲಿಗೆ ದುಡ್ಡಿಲ್ಲ ಎನ್ನುವ ಶಾಲೆಗಳಿಗೆ. ಇಸ್ತ್ರಿ ಅಂಗಡಿಯ ಇದ್ದಿಲು ಗಟ್ಟಿ, ಹಾಳೆ ಗೀರುತ್ತದೆ. ಹತ್ತಿ ಬಿಡಿಸಿ ಮುಗಿದ ಹೊಲದಿಂದ ಪೆನ್ಸಿಲ್ ದಪ್ಪದ ಒಣ ಹತ್ತಿಕಟ್ಟಿಗೆ ತಂದು, ಸಿಪ್ಪೆ ಸುಲಿದು, ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ. ಬಿಗಿಯಾದ ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಹೊಡೆದು ಬೆಂಕಿಯಲ್ಲಿಡಿ. ತೂತಿನಿಂದ ಹೊಗೆ ಬರುವುದು ನಿಂತ ಮೇಲೆ ಹೊರತೆಗೆದು, ಪೂರ್ತಿ ಆರುವತನಕ ಮುಚ್ಚಳ ತೆಗೆಯಬೇಡಿ. ಗಾಳಿ ಸೋಕಿದರೆ ಬೂದಿಯಾಗುತ್ತದೆ. ಬೆಂಕಿಯ ಕೆಲಸ ದೊಡ್ಡವರೇ ಮಾಡಲಿ.